ಎತ್ತಿಗೆ ಹೇಳಿದ ಮಾತು

ರಜ ಬಂದರೆ ನಮ್ಮ ಮನೆಯಲ್ಲಿ ಏನಾದರೂ ಒಂದು ಆಗಲೇಬೇಕು. ಶಾಲೆ ನಡೆಯುವಾಗ ಏನೂ ಆಗುವುದಿಲ್ಲ. ಮಗ ಊರಿಗೆ ಬಂದ ಮಾರನೆಯ ದಿನದಿಂದ ಶುರು.

ನಾನು ಮೋಜಣಿ ಇಲಾಖೆಯಲ್ಲಿದ್ದೆ. ಮೂವತ್ತು ವರ್ಷ ಸರಪಣಿ ಹಿಡಿದು ನಂಜನಗೂಡು, ನರಸೀಪುರದ ಹೊಲಗದ್ದೆ ಅಳೆದೆ. ಆ ಕೆಲಸಕ್ಕೆ ಮೂರು ಮಾತು ಸಾಕು. ಹಿಡಿ, ಎಳೆ, ಬಿಡು. ಬೇರೆ ಮಾತಿನ ಅಭ್ಯಾಸ ನನಗೆ ಆಗಲಿಲ್ಲ.

ಇದರ ಜೊತೆಗೆ ನಮ್ಮ ಮನೆತನದ ಪದ್ಧತಿ ಒಂದು. ಮಗನಿಗೆ ಮೀಸೆ ಮೂಡಿತೆಂದರೆ ಅಪ್ಪ ಅವನ ಜೊತೆ ನೇರವಾಗಿ ಮಾತಾಡುವುದಿಲ್ಲ. ಮಗನೂ ಅಪ್ಪನ ಜೊತೆ ಮಾತಾಡುವುದಿಲ್ಲ. ಏನಿದ್ದರೂ ಮಧ್ಯೆ ಒಬ್ಬರು ಬೇಕು. ಹೆಡತಲೆ ಊರಿನಲ್ಲಿ ಬೇಸಾಯ ಮಾಡಿಕೊಂಡಿದ್ದ ನಮ್ಮಪ್ಪ ನನ್ನನ್ನು ಬೈಯಬೇಕಾದರೆ ಒರಳುಕಲ್ಲನ್ನು ಬೈಯುತ್ತಿದ್ದ. "ಒತ್ತು ನೆತ್ತಿಗೆ ಬಂದ್ರೂ ಬಿದ್ಕಂಡದೆ ನೋಡು, ಅಂಗೇಯ!" ಒರಳುಕಲ್ಲು ಏಳುತ್ತಿರಲಿಲ್ಲ. ನಾನು ಏಳುತ್ತಿದ್ದೆ.

ನನ್ನ ಮಗನಿಗೆ ಹದಿಮೂರಕ್ಕೇ ಮೀಸೆ ಮೂಡಿತು. ಆಗ ಅವನು ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಓದುತ್ತಿದ್ದ. ಆ ವರ್ಷದ ದಸರಾ ರಜಕ್ಕೆ ರೈಲಿನಿಂದ ಇಳಿದವನು ನನ್ನನ್ನು "ಅಪ್ಪ" ಎಂದು ಕರೆಯಲಿಲ್ಲ. ಪೆಟ್ಟಿಗೆ ಎತ್ತಿಕೊಂಡು ಹಿಂದೆ ನಡೆದ. ನನಗೆ ಅದು ಇಷ್ಟವಾಗಲಿಲ್ಲ. ಆದರೆ ನಮ್ಮಪ್ಪ ಮಾಡಿದ್ದನ್ನೇ ನಾನೂ ಮಾಡುತ್ತಿದ್ದೆ. ದೂರುವುದು ಯಾರನ್ನು?

ಇನ್ನೊಂದು ಸಲ ಅವನು ಹಾಗೆ ಕರೆಯಲಿ ಅಂತ ಐದು ವರ್ಷ ಕಾದೆ. ಅದರ ನಡುವೆ ಆದದ್ದು ಇಷ್ಟು.

ಕೆಮ್ಮು

ರಜದಲ್ಲಿ ಗಾಡಿ ಕಟ್ಟಿಕೊಂಡು ನರಸೀಪುರಕ್ಕೆ ನನ್ನ ಅತ್ತೆಯ ಮನೆಗೆ ಹೋಗುವುದು ರೂಢಿ. ನಾನು ಮುಂದೆ ಕೂತು ಗಾಡಿ ಹೊಡೆಯುತ್ತಿದ್ದೆ. ಮಗ ಹಿಂದೆ ಕಾಲು ಇಳಿಬಿಟ್ಟುಕೊಂಡು ಕೂರುತ್ತಿದ್ದ. ನನ್ನ ಹೆಂಡತಿ ಮಧ್ಯೆ.

"ನೀರು ಬೇಕಾ ಕೇಳು," ಎಂದೆ.

"ನೀರು ಬೇಕೇನೋ?" ಎಂದಳು.

"ಬೇಡ ಅನ್ನಮ್ಮ," ಎಂದ.

"ಬ್ಯಾಡ್ವಂತೆ," ಎಂದಳು.

ನಾಲ್ಕು ಮೈಲಿ ಹೀಗೇ ಆಯಿತು. ಒಂದು ಏರು ಬಂತು. ಎತ್ತುಗಳು ನಿಧಾನ ಮಾಡಿದವು.

"ನಾನೇನ್ ನಿಮ್ಮ ಅಪ್ಪ-ಮಗನ ಅಂಚೆಯೋಳಾ? ಅಂಚೆಯೋನ್ಗಾದ್ರೂ ಸರ್ಕಾರ ಒಂದ್ ಕೋಟು ಕೊಡ್ತದೆ. ನಾನಿಲ್ದೆ ನೀವಿಬ್ರು ಏನ್ ಮಾಡ್ತೀರೋ ನೋಡ್ತೀನಿ," ಎಂದವಳೇ ಗಾಡಿಯಿಂದ ಇಳಿದು ನಡೆಯತೊಡಗಿದಳು. ಅವಳು ಇಳಿದದ್ದು ಗಾಡಿಯ ಹಿಂಬದಿಯಿಂದ. ಮುಂದೆ ಕೂತ ನಾನು ತಿರುಗಿ ನೋಡಲಿಲ್ಲ. ಬೈದು ಸುಮ್ಮನಾದಳು ಎಂದುಕೊಂಡೆ.

ಏರು ಮುಗಿಯಿತು. ಇಳಿಜಾರಿನಲ್ಲಿ ಎತ್ತುಗಳು ಓಡಿದವು. ಅಮ್ಮ ಹಿಂದೆ ಉಳಿದದ್ದನ್ನು ಮಗ ಕಣ್ಣಾರೆ ನೋಡುತ್ತಿದ್ದ. ಆದರೆ ನನಗೆ ಹೇಳುವುದು ಹೇಗೆ? ಹೇಳಬೇಕಾದವಳು ರಸ್ತೆಯಲ್ಲಿದ್ದಳು. ಅವನು ಕೆಮ್ಮಿದ. ಥಂಡಿಯಾಗಿದೆ ಎಂದುಕೊಂಡೆ. ಇನ್ನೂ ಜೋರಾಗಿ ಕೆಮ್ಮಿದ. ಪಾಪ ಎನ್ನಿಸಿತು. ಬೇಗ ಮನೆ ಸೇರಲಿ ಅಂತ ಎತ್ತುಗಳನ್ನು ಇನ್ನಷ್ಟು ಓಡಿಸಿದೆ.

ಮುಂದಿನ ಊರಿನ ಬಾವಿಯ ಹತ್ತಿರ ಗಾಡಿ ನಿಲ್ಲಿಸಿದಾಗ ನೋಡಿದರೆ ಅವಳಿಲ್ಲ. ಇಬ್ಬರೂ ಬಾವಿಕಟ್ಟೆಯ ಮೇಲೆ ಕೂತೆವು. ಅವನು ಒಂದು ಕಡೆ, ನಾನು ಒಂದು ಕಡೆ. ತುಂಬಾ ಹೊತ್ತಿನ ಮೇಲೆ ಯಾರದೋ ಹುಲ್ಲಿನ ಗಾಡಿಯ ಮೇಲೆ ಅವಳು ಬಂದಳು. ತಲೆಯ ತುಂಬ ಹುಲ್ಲು. ನಗುತ್ತಿದ್ದಳು.

"ಏನಾದ್ರೂ ಮಾತಾಡ್ಕಂಡ್ರಾ?" ಎಂದಳು.

"ನೀನು ಹೋದಾಗಿನಿಂದ ಅವನಿಗೆ ಕೆಮ್ಮು," ಎಂದೆ. "ಕಷಾಯ ಮಾಡಿಕೊಡು."

ಮಡಿಸಿದ ಸರಪಣಿ

ಮರುವರ್ಷದ ಬೇಸಿಗೆ ರಜದಲ್ಲಿ ಅವಳು ಒಂದು ಉಪಾಯ ಹೂಡಿದಳು. ಬಿಳಿಗೆರೆ ಕಡೆ ನನ್ನ ಕ್ಯಾಂಪಿತ್ತು. ಮಗನನ್ನೂ ಕರೆದುಕೊಂಡು ಹೋಗೋಣ, ನಾನೂ ಬಂದು ಅಡಿಗೆ ಮಾಡುತ್ತೇನೆ, ಒಟ್ಟಿಗೆ ಕೆಲಸ ಮಾಡಿದರೆ ಮಾತು ತಾನಾಗಿ ಬರುತ್ತದೆ ಎಂದಳು. ಸರಪಣಿ ಹಿಡಿಯುವ ಆಳು ಜ್ವರ ಬಂದು ಮಲಗಿದ್ದ. ಇನ್ನೊಂದು ತುದಿಯನ್ನು ಮಗನ ಕೈಗೆ ಕೊಟ್ಟೆ.

ಸರಪಣಿ ಮೂವತ್ತಮೂರು ಅಡಿ. ಈ ತುದಿಯಲ್ಲಿ ನಾನು, ಆ ತುದಿಯಲ್ಲಿ ಅವನು. ಹಿಡಿ, ಎಳೆ ಅನ್ನುವುದೂ ಮಾತೇ ತಾನೆ? ಅದಕ್ಕೆ ಹೆಗಲ ಮೇಲಿನ ವಲ್ಲಿ ಬೀಸಿದೆ. ಅವನೂ ತನ್ನ ವಲ್ಲಿ ಬೀಸಿದ. ಒಂದು ಹೊಲ ಪೂರ್ತಿ ಇಬ್ಬರೂ ವಲ್ಲಿ ಬೀಸಿಕೊಂಡು ಅಳೆದೆವು.

ಅಷ್ಟು ದೂರದಿಂದ ಅವನ ಮುಖ ನನಗೆ ಕಾಣುತ್ತಿರಲಿಲ್ಲ. ಕಣ್ಣು ಸ್ವಲ್ಪ ಮಂದ. ಎರಡನೆಯ ಹೊಲದಲ್ಲಿ ಸರಪಣಿಯನ್ನು ಅರ್ಧಕ್ಕೆ ಮಡಿಸಿದೆ. ಅವನು ಹತ್ತಿರ ಬಂದು ನಿಂತ. ಬಿಸಿಲಿಗೆ ಕೆಂಪಾಗಿದ್ದ. ಹುಬ್ಬು ಅವನ ಅಮ್ಮನದು. ಮೂಗಿನ ತುದಿಯಲ್ಲಿ ಬೆವರು. ಸಂಜೆಯವರೆಗೂ ಮಡಿಸಿದ ಸರಪಣಿಯಲ್ಲೇ ಅಳೆದೆ. ಚೆನ್ನಾಗಿತ್ತು.

ಅಳತೆಯ ಪುಸ್ತಕದಲ್ಲಿ ಮಾತ್ರ ಪೂರ್ತಿ ಸರಪಣಿ ಎಂದೇ ಬರೆದುಬಿಟ್ಟಿದ್ದೆ. ಉದ್ದವೂ ಎರಡರಷ್ಟಾಯಿತು, ಅಗಲವೂ ಎರಡರಷ್ಟಾಯಿತು. ಒಂದು ಎಕರೆ ಹೊಲ ನಾಲ್ಕು ಎಕರೆಯಾಯಿತು.

ಬೆಳಿಗ್ಗೆ ಹೊಲದ ರೈತ ಒಂದು ರಸಬಾಳೆ ಗೊನೆ ಹೊತ್ತುಕೊಂಡು ಬಂದ. "ಸಾ, ನಮ್ ತಾತನ ಕಾಲ್ದಿಂದ್ಲೂ ಒಂದೆಕ್ರೆ ಅಂತಿದ್ರು. ನಿಮ್ ಕಣ್ಗೆ ನಾಕು ಕಾಣ್ತಲ್ಲ. ದ್ಯಾವ್ರು ಸಾ ನೀವು!" ಎಂದು ಕಾಲಿಗೆ ಬಿದ್ದ.

ಮಧ್ಯಾಹ್ನ ಅದೇ ಮನುಷ್ಯ ಓಡಿಬಂದ. "ಸಾ, ಕಂದಾಯನೂ ನಾಕ್ ಪಟ್ಟು ಆಯ್ತದೆ ಅಂತ ನಮ್ಮೆಂಗ್ಸು ಬೈತಾವ್ಳೆ. ಒಂದೆಕ್ರೆನೇ ಮಾಡ್ಬುಡಿ ಸಾ, ನಿಮ್ ಪಾದಕ್ಕೆ ಬಿದ್ದೆ. ಬಾಳೆಗೊನೆ ನೀವೇ ಮಡೀಕಳಿ."

ಸರಪಣಿ ಯಾಕೆ ಮಡಿಸಿದೆ ಎಂದು ಯಾರಿಗೂ ಹೇಳಲಿಲ್ಲ. ನನ್ನ ಹೆಂಡತಿ ಒಬ್ಬಳಿಗೆ ಗೊತ್ತಾಯಿತು. ಒಲೆಯ ಮುಂದೆ ಕೂತು ಸೌಟು ಕೈಬಿಡುವಷ್ಟು ನಕ್ಕಳು. ಆಮೇಲೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಹೊಗೆ ಎಂದಳು.

ಮತ್ತೆ ಅಳೆಯಬೇಕಾಯಿತು. ಸರಪಣಿ ಬಿಚ್ಚಿದೆ. ಮಗ ಮೂವತ್ತಮೂರು ಅಡಿ ದೂರ ಹೋಗಿ ನಿಂತು ವಲ್ಲಿ ಬೀಸಿದ.

ಬಸವನಿಗೆ ಕೆಲಸ

ಆಮೇಲೆ ಪ್ಲೇಗು ಬಂತು. ಊರು ಬಿಟ್ಟು ಹೊರಗೆ ಹೊಲದಲ್ಲಿ ಗುಡಿಸಲು ಹಾಕಿಕೊಂಡೆವು. ಅವಳು ಅಲ್ಲೇ ಹೋದಳು. ಮೂರು ದಿನ ಜ್ವರ. ಆ ವಿಷಯ ಇಷ್ಟು ಸಾಕು.

ಮಗನಿಗೆ ಬರಲು ಬಿಡಲಿಲ್ಲ. ಎಲ್ಲ ಮುಗಿದು ಊರಿಗೆ ವಾಪಸಾದ ಮೇಲೆ ಬಂದ. ಅಮ್ಮನಿಗೆ ಜ್ವರ ಎಂದಷ್ಟೇ ಅವನಿಗೆ ತಿಳಿದಿತ್ತು. ನಾನು ಕೊಟ್ಟಿಗೆಯಲ್ಲಿ ಎತ್ತಿಗೆ ಹುಲ್ಲು ಹಾಕುತ್ತಿದ್ದೆ. ಅವನು ಬಾಗಿಲಲ್ಲಿ ನಿಂತ. ಹೇಳಲೇಬೇಕಾಗಿತ್ತು. ಮಧ್ಯೆ ಯಾರೂ ಇರಲಿಲ್ಲ.

"ಬಸವ," ಎಂದೆ ಎತ್ತಿಗೆ. "ಅವಳು ಹೋದಳು ಅಂತ ಅವನಿಗೆ ಹೇಳು."

ಅವನು ಬಂದು ಎತ್ತಿನ ಬೆನ್ನ ಮೇಲೆ ಕೈಯಿಟ್ಟ. ನನ್ನ ಕೈಯೂ ಅಲ್ಲೇ ಇತ್ತು. ಬಹಳ ಹೊತ್ತು ಇಬ್ಬರೂ ತೆಗೆಯಲಿಲ್ಲ. ಎತ್ತು ಅಲ್ಲಾಡಲಿಲ್ಲ.

ಅಂದಿನಿಂದ ಬಸವ ನಮ್ಮಿಬ್ಬರ ನಡುವಿನವನಾದ. ಜೋಡಿಯ ಇನ್ನೊಂದು ಎತ್ತಿಗೆ ಈ ಕೆಲಸ ಆಗುತ್ತಿರಲಿಲ್ಲ. ಅದಕ್ಕೆ ತಾಳ್ಮೆಯಿಲ್ಲ. ಮಾತು ಮುಗಿಯುವ ಮುಂಚೆ ತಿರುಗಿಕೊಳ್ಳುತ್ತಿತ್ತು.

ಅಡಿಗೆ ನನ್ನದು. ಊಟವಾದ ಮೇಲೆ ಮಗ ಕೊಟ್ಟಿಗೆಗೆ ಹೋಗಿ ನನಗೆ ಕೇಳುವ ಹಾಗೆ ಹೇಳುತ್ತಿದ್ದ.

"ಬಸವ, ಅನ್ನ ಸೀದಿತ್ತು ಅಂತ ನಿಮ್ಮ ಯಜಮಾನರಿಗೆ ಹೇಳು."

ನಾನು ಜಗಲಿಯಿಂದಲೇ ಹೇಳುತ್ತಿದ್ದೆ. "ಬಸವ, ಸೀದದ್ದು ತಳ ಮಾತ್ರ ಅಂತ ಹೇಳು."

"ಬಸವ, ನನಗೆ ಬಡಿಸಿದ್ದು ತಳವೇ ಅಂತ ಹೇಳು."

ಮಾರನೆಯ ದಿನ ಅನ್ನ ಪೂರ್ತಿ ಸೀದುಹೋಯಿತು. ಬಸವನಿಗೇ ಹಾಕಿದೆ. ಅವನು ಮೂಸಿ ನೋಡಿ ಬಿಟ್ಟ. ಆ ವಿಷಯದಲ್ಲಿ ಮಗನ ಪಕ್ಷ.

ತಲೆಯಾಡಿಸಿದ್ದು

ಮುಂದಿನ ರಜಕ್ಕೆ ಅತ್ತೆ ಹೇಳಿಕಳಿಸಿದರು. ಮೊಮ್ಮಗನನ್ನು ನೋಡಬೇಕಂತೆ. ಗಾಡಿ ಕಟ್ಟಿದೆ. ಈಗ ಮಧ್ಯದ ಜಾಗ ಖಾಲಿ. ಮಗ ಅಲ್ಲಿಗೆ ಬಂದು ಕೂರಲಿಲ್ಲ. ಹಿಂದೆಯೇ ಕೂತ.

ಬಿಸಿಲು ಜೋರಿತ್ತು. ದಾರಿಯ ಒಂದು ಹಳ್ಳಿಯ ಅರಳಿಮರದ ಕೆಳಗೆ ಎತ್ತು ಬಿಚ್ಚಿದೆವು. ಹಳೆ ಸೀರೆಯ ತುಂಡುಗಳನ್ನು ಸೇರಿಸಿ ಅವಳು ಹೊಲಿದ ಬಣ್ಣಬಣ್ಣದ ಹೊದಿಕೆಯೊಂದು ಗಾಡಿಯಲ್ಲಿತ್ತು. ನೊಣ ಕೂರದಿರಲಿ ಅಂತ ಮಗ ಅದನ್ನು ಬಸವನ ಬೆನ್ನ ಮೇಲೆ ಹೊದಿಸಿದ.

"ಬಸವ, ಬುತ್ತಿ ಈಗ ಬಿಚ್ಚೋದಾ, ಆಮೇಲಾ?" ಎಂದೆ.

"ಈಗಲೇ ಅನ್ನು ಬಸವ," ಎಂದ ಮಗ.

ಮೂಗಿನ ಮೇಲೆ ನೊಣ ಕೂತಿತ್ತೇನೋ, ಬಸವ ತಲೆಯನ್ನು ಮೇಲೆ ಕೆಳಗೆ ಆಡಿಸಿತು.

ಕೊಡ ಹೊತ್ತು ಹೋಗುತ್ತಿದ್ದ ಹೆಂಗಸೊಬ್ಬಳು ನಿಂತುಬಿಟ್ಟಳು. "ಅವ್ವಾ! ಕೋಲೆ ಬಸವ ಬಂದವ್ನೆ! ಬನ್ರೋ!"

ಕೋಲೆ ಬಸವ ಎಂದರೆ ಗೊತ್ತಲ್ಲ. ಮೈತುಂಬ ಬಣ್ಣದ ಬಟ್ಟೆ ಹೊದ್ದು ಮನೆಮನೆಗೆ ಬಂದು, ಕೇಳಿದ್ದಕ್ಕೆ ಹೌದು, ಇಲ್ಲ ಎಂದು ತಲೆಯಾಡಿಸುವ ಎತ್ತು. ನಾವು ಬುತ್ತಿ ಬಿಚ್ಚುವುದರೊಳಗೆ ಅರ್ಧ ಊರು ಸೇರಿತು.

"ನನ್ ಮಗ್ಳಿಗೆ ಈ ವರ್ಸ ಮದ್ವೆ ಆಯ್ತದಾ ಬಸವಣ್ಣ?" ಎಂದಳು ಕೊಡದವಳು.

ಬಸವ ಮೇಲೆ ಕೆಳಗೆ ಆಡಿಸಿತು. ಅವಳು ಓಡಿಹೋಗಿ ಮೊರದ ತುಂಬ ರಾಗಿ ತಂದಳು.

ಒಬ್ಬ ಮುದುಕ ಕೋಲೂರಿಕೊಂಡು ಮುಂದೆ ಬಂದ. "ನನ್ ಮಂಡಿನೋವು ವಾಸಿ ಆಯ್ತದಾ ಸಾಮಿ?"

ನೊಣ ಕಿವಿಗೆ ಹೋಗಿತ್ತು. ಬಸವ ಅಡ್ಡಡ್ಡ ಆಡಿಸಿತು.

ಮುದುಕ ನನ್ನ ಮೇಲೆ ತಿರುಗಿಬಿದ್ದ. "ಏನಯ್ಯಾ, ರಾಗಿ ತಂದೋರ್ಗೆ ಒಂದು, ತರ್ದೋರ್ಗೆ ಒಂದಾ?"

"ಇದು ಕೋಲೆ ಬಸವ ಅಲ್ಲ," ಎಂದೆ.

"ಮತ್ತೆ ಅದ್ರ ತಾವು ಯಾಕಪ್ಪಾ ಮಾತಾಡ್ತಿದ್ರಿ ಇಬ್ರೂವೆ?"

ನಾನು ರಾಗಿಯ ಮೊರ ಎತ್ತಿಕೊಂಡೆ. ವಾಪಸು ಕೊಡಲು ಹೋದರೆ ಕೊಡದವಳು ತೆಗೆದುಕೊಳ್ಳಲಿಲ್ಲ. ಮದುವೆ ನಿಂತುಹೋಗುತ್ತದಂತೆ. ಬುತ್ತಿಯನ್ನು ಅರ್ಧಕ್ಕೇ ಕಟ್ಟಿ ಗಾಡಿ ಹೂಡಿದೆ.

ಊರು ದಾಟಿದ ಮೇಲೆ ಹಿಂದೆ ಏನೋ ಸದ್ದು. ಕೆಮ್ಮು ಎಂದುಕೊಂಡೆ. ಅಲ್ಲ. ನಗುತ್ತಿದ್ದ. ಅವಳು ಹೋದ ಮೇಲೆ ಅವನು ನಕ್ಕದ್ದು ಅದೇ ಮೊದಲು. ನಕ್ಕು ನಕ್ಕು ಗಾಡಿಯಿಂದ ಇಳಿದು, ಬಸವನ ಪಕ್ಕದಲ್ಲಿ ನಡೆಯುತ್ತ ಕೇಳಿದ.

"ಬಸವಣ್ಣ, ನಿಮ್ಮ ಯಜಮಾನರು ಯಾವತ್ತಾದರೂ ನಗ್ತಾರಾ?"

ಬಸವ ಅಡ್ಡಡ್ಡ ತಲೆಯಾಡಿಸಿತು. ಅಲ್ಲಿ ನೊಣ ಇರಲಿಲ್ಲ.

ಹರಿಗೋಲು

ನರಸೀಪುರ ತಲುಪಿದೆವು. ಅತ್ತೆಯ ಮನೆ ಹೊಳೆಯ ಆಚೆ ದಡದಲ್ಲಿ. ಗಾಡಿ, ಎತ್ತು ಎರಡನ್ನೂ ಈಚೆ ದಡದಲ್ಲಿ ಪರಿಚಯದವರ ಮನೆಯಲ್ಲಿ ಬಿಟ್ಟು ಹರಿಗೋಲು ಹತ್ತಬೇಕು. ಬಸವನಿಲ್ಲದೆ ನಾವಿಬ್ಬರೇ ಆದದ್ದು ಅಲ್ಲೇ.

ಮಗ ಅತ್ತ ತಿರುಗಿ ಕೂತ. ನಾನು ಇತ್ತ ತಿರುಗಿ ಕೂತೆ. ಹರಿಗೋಲು ವಾಲಿತು.

"ಇಂಗೆ ಕೂತ್ರೆ ಮೂರೂ ಜನ ಕಾವೇರಿ ಪಾಲಾಯ್ತೀವಿ," ಎಂದ ಅಂಬಿಗ. "ಎದ್ರುಬದ್ರು ಕೂತ್ಕಳಿ ಸಾ. ನೀರ್ ನೋಡ್ಬ್ಯಾಡಿ, ತಲೆ ತಿರುಗ್ತದೆ. ಒಬ್ರ ಮಕ ಒಬ್ರು ನೋಡ್ಕಳಿ."

ಎದುರುಬದುರು ಕೂತೆವು. ಮಡಿಸಿದ ಸರಪಣಿಗಿಂತ ಹತ್ತಿರ. ಮೊಣಕಾಲಿಗೆ ಮೊಣಕಾಲು ತಾಕುತ್ತಿತ್ತು. ಅವನು ಹೊಳೆ ನೋಡಲು ಹೋದ.

"ಏ ಹುಡ್ಗಾ, ನಿಮ್ಮಪ್ಪನ ಮಕ ನೋಡ್ಲಾ!" ಎಂದು ಅಂಬಿಗ ಗದರಿದ.

ನೋಡಿದ. ನಾನೂ ನೋಡಿದೆ. ಮೀಸೆ ಈಗ ಚೆನ್ನಾಗಿ ಬಂದಿತ್ತು. ಒಂದು ಕಡೆ ಸ್ವಲ್ಪ ಸೊಟ್ಟ ಕತ್ತರಿಸಿಕೊಂಡಿದ್ದ. ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಹೇಳಿಕೊಡಬೇಕಾಗಿತ್ತು. ನನ್ನ ಮುಖದಲ್ಲಿ ಅವನು ಏನು ಕಂಡನೋ ತಿಳಿಯದು. ಅವನ ತುಟಿ ಒಂದು ಸಲ ಅಲುಗಿತು. ಈಗ ಕರೆಯುತ್ತಾನೆ ಎಂದುಕೊಂಡೆ. ಹರಿಗೋಲು ಒಂದು ಸುತ್ತು ತಿರುಗಿತು. ತುಟಿ ಮುಚ್ಚಿತು.

ದಡ ಬಂತು. ಇಳಿದು ನಿಂತೆವು. ಅಂಬಿಗ ಹುಟ್ಟನ್ನು ಮರಳಿಗೆ ಊರಿ ಹೇಳಿದ.

"ಉಟ್ದಾಗಿಂದ ಈ ಒಳೇಲಿ ಅರಿಗೋಲು ಆಕ್ತಾವ್ನಿ ಸಾ. ಒಳಗಿರೋ ಮೀನುಗೋಳೂ ನಿಮ್ಮಿಬ್ರಿಗಿಂತ ಮಾತಾಡ್ತವೆ."

ಹಸಿರು ಬಾವುಟ

ಮಗನ ಪರೀಕ್ಷೆ ಪಾಸಾಯಿತು. ಶಿವಮೊಗ್ಗದ ಕಡೆ ಒಂದು ಸ್ಕೂಲಿನಲ್ಲಿ ಮೇಷ್ಟರ ಕೆಲಸ ಸಿಕ್ಕಿತು. ಹದಿನೆಂಟು ವರ್ಷ. ಅದು ಅವನ ಕೊನೆಯ ದೊಡ್ಡ ರಜ. ರಜ ಮುಗಿದ ದಿನ ರೈಲಿಗೆ ಬಿಡಬೇಕು.

ನನಗೆ ಒಂದು ಮಾತು ಹೇಳುವುದಿತ್ತು. ರಜ ಸಿಕ್ಕಾಗ ಬಾ ಎನ್ನಬೇಕು, ಅಷ್ಟೆ. ಆದರೆ ಸ್ಟೇಷನ್ನಿನಲ್ಲಿ ಹೇಳುವುದು ಯಾರ ಮೂಲಕ? ಬಸವನನ್ನು ಬಿಚ್ಚಿಕೊಂಡು ಹೊರಟೆ. ಮಗ ನೋಡಿದ. ಪೆಟ್ಟಿಗೆಯನ್ನು ಬಸವನ ಬೆನ್ನ ಮೇಲಿಟ್ಟು ಹಿಡಿದುಕೊಂಡು ನಡೆದ.

ಸ್ಟೇಷನ್ ಮಾಸ್ತರರು ಅಡ್ಡ ಬಂದರು. "ಏನ್ರೀ ಇದು? ಜಾನುವಾರು ಪ್ಲಾಟ್‌ಫಾರಮ್ಮಿಗೆ ಬರಕೂಡದು."

"ಜಾನುವಾರಲ್ಲ," ಎಂದೆ.

"ಮತ್ತೇನು?"

"ಮನೆಯವನು. ಕಳಿಸಿಕೊಡೋಕೆ ಬಂದಿದ್ದಾನೆ."

ಅವರು ನನ್ನ ಮುಖ ನೋಡಿದರು, ಎತ್ತಿನ ಮುಖ ನೋಡಿದರು. ಎತ್ತಿನ ಮುಖದಲ್ಲಿ ಏನೋ ಕಂಡಿರಬೇಕು. "ಬೇಗ ಮುಗಿಸಿ," ಎಂದರು.

ಮಗ ರೈಲು ಹತ್ತಿ ಕಿಟಕಿಯಲ್ಲಿ ಕೂತ. ಎಂಜಿನ್ ಕೂಗಿತು. ಪಕ್ಕದಲ್ಲೇ ಗಾರ್ಡು ಕಂಕುಳಲ್ಲಿ ಎರಡು ಬಾವುಟ ಸಿಕ್ಕಿಸಿಕೊಂಡು ಗಡಿಯಾರ ನೋಡುತ್ತಿದ್ದ.

"ಬಸವ, ಕಾಗದ ಬರೆಯಲಿಕ್ಕೆ ಹೇಳು," ಎಂದೆ.

"ಬರೀತೀನಿ ಅಂತ ಹೇಳು ಬಸವ."

"ಬಸವ, ರಜ ಸಿಕ್ಕಾಗ..." ಎಂದೆ. ಮಾತು ಮುಂದಕ್ಕೆ ಹೋಗಲಿಲ್ಲ.

ಬಸವ ಕೇಳಿಸಿಕೊಳ್ಳುತ್ತಿರಲಿಲ್ಲ. ಕತ್ತು ಚಾಚಿ ಗಾರ್ಡಿನ ಕಂಕುಳಿಗೆ ಬಾಯಿ ಹಾಕಿತ್ತು. ಕೆಂಪು ಬಾವುಟ ಮುಟ್ಟಲಿಲ್ಲ. ಹಸಿರನ್ನು ಎಳೆದುಕೊಂಡು ಜಗಿಯತೊಡಗಿತು.

"ಬಾವುಟ! ನನ್ನ ಬಾವುಟ!" ಗಾರ್ಡು ಅರಚಿದ. "ಅದಿಲ್ಲದೆ ಗಾಡಿ ಬಿಡೋ ಹಾಗಿಲ್ಲ!"

"ಬೀರುವಿನಲ್ಲಿ ಇನ್ನೊಂದಿದೆ," ಎಂದರು ಸ್ಟೇಷನ್ ಮಾಸ್ತರರು. "ಬೀಗದ ಕೈ ನಮ್ಮ ಮನೆಯವಳ ಸೆರಗಿನಲ್ಲಿದೆ. ಅವಳು ಕಪಿಲಾ ಸ್ನಾನಕ್ಕೆ ಹೋಗಿದ್ದಾಳೆ."

ಮಗ ಗಾಡಿಯಿಂದ ಧುಮುಕಿದ. ಬಸವನ ಬಾಯಿಂದ ಹೊರಗಿದ್ದ ಬಾವುಟದ ತುದಿಯನ್ನು ಎರಡು ಕೈಯಲ್ಲಿ ಹಿಡಿದ. ನಾನು ಮೂಗುದಾರ ಹಿಡಿದೆ.

"ಅಪ್ಪಾ, ಇಡ್ಕ!" ಎಂದು ಕೂಗಿದ. ಮೈಸೂರಿನಲ್ಲಿ ಕಲಿತ ಭಾಷೆಯೆಲ್ಲ ಬಿದ್ದುಹೋಗಿತ್ತು. "ಇಡ್ಕ ಅಪ್ಪಾ!"

"ಇಡ್ದಿವ್ನಿ ಕಣೋ! ಎಳಿ!" ಎಂದೆ.

"ಎಳೀತಾವ್ನಿ! ನೀನು ಬಿಡ್ಬ್ಯಾಡ!"

"ನಾ ಬಿಡಲ್ಲ, ನೀನ್ ಎಳಿಯೋ!"

ಗಾಡಿಯ ಕಿಟಕಿಗಳಲ್ಲೆಲ್ಲ ತಲೆಗಳು. ಯಾರೋ "ಶಭಾಷ್" ಎಂದರು. ಗಾರ್ಡು ತಲೆಯ ಮೇಲೆ ಕೈಹೊತ್ತು ಕೂತಿದ್ದ. ಒಂದು ತುದಿಯಲ್ಲಿ ಮಗ, ಒಂದು ತುದಿಯಲ್ಲಿ ನಾನು, ನಡುವೆ ಬಸವನ ಮುಖ. ಅಳೆದಿದ್ದರೆ ಮೂರು ಅಡಿ.

ಬಾವುಟ ಪರ್ರೆಂದು ಹರಿಯಿತು. ಅರ್ಧ ಅವನ ಕೈಯಲ್ಲಿ, ಅರ್ಧ ಬಸವನ ಬಾಯಲ್ಲಿ. ಗಾರ್ಡು ಮಗನ ಕೈಯಲ್ಲಿದ್ದ ಎಂಜಲು ಬಾವುಟವನ್ನು ತೆಗೆದುಕೊಂಡು ಎರಡು ಬೆರಳಲ್ಲಿ ಹಿಡಿದು ಬೀಸಿದ. ಗಾಡಿ ಹೊರಟಿತು. ಮಗ ಓಡಿ ಹತ್ತಿದ. ಕಿಟಕಿಯಿಂದ ತಲೆ ಹಾಕಿ, ಬಸವನನ್ನು ನೋಡದೆ, ನನ್ನನ್ನು ನೋಡಿ ಹೇಳಿದ.

"ಓಗ್ಬತ್ತೀನಿ ಅಪ್ಪ."

ಹೇಳಬೇಕಾದ ಮಾತು ಬಾಯಿಗೆ ಬಂದಿತ್ತು. "ಹೂಂ," ಎಂದೆ.

ಗಾಡಿ ತಿರುವು ದಾಟುವಾಗ ವಲ್ಲಿ ಬೀಸಿದೆ. ಅವನಿಗೆ ಕಾಣಿಸಿತೋ ಇಲ್ಲವೋ.

ದಾರಿಯಲ್ಲಿ ಬಸವನಿಗೆ ಹೇಳಿದೆ. "ಕೇಳಿದೆಯಾ? ನನಗೇ ಹೇಳಿದ. ನೇರವಾಗಿ." ಬಸವ ಮೆಲುಕು ಹಾಕುತ್ತಿದ್ದ. ಅವನ ಬಾಯಿಂದ ಹಸಿರು ದಾರ ನೇತಾಡುತ್ತಿತ್ತು.

ಇದೆಲ್ಲ ಆಗಿ ಬಹಳ ವರ್ಷವಾಯಿತು. ಬಸವ ಈಗಿಲ್ಲ. ಹೋದ ವಾರ ಮಗನ ಕಾಗದ ಬಂತು. ಅವನ ಮಗನಿಗೆ ಈಗ ಹದಿಮೂರು. ಮೀಸೆ ಮೂಡುತ್ತಿದೆಯಂತೆ. "ನನ್ನ ಹತ್ತಿರ ಮಾತೇ ಆಡುವುದಿಲ್ಲ ಅಪ್ಪ. ಈ ರಜಕ್ಕೆ ಕರೆದುಕೊಂಡು ಬರುತ್ತೇನೆ. ನರಸೀಪುರಕ್ಕೆ ಗಾಡಿಯಲ್ಲೇ ಹೋಗೋಣ," ಎಂದು ಬರೆದಿದ್ದಾನೆ.

ಮಾರನೆಯ ದಿನವೇ ಸಂತೆಗೆ ಹೋಗಿ ಒಂದು ಹೋರಿಗರು ತಂದು ಕಟ್ಟಿದ್ದೇನೆ. ಗಾಡಿ ಎಳೆಯುವ ವಯಸ್ಸಲ್ಲ. ಗಾಡಿಗೆ ಬೇರೆ ಜೋಡಿ ಸಿಗುತ್ತದೆ. ಕರು ಜೊತೆಯಲ್ಲಿ ನಡೆದು ಬಂದರೆ ಸಾಕು.

ಎಳೆಯದು. ಆದರೆ ಕಿವಿ ಚುರುಕು.